ಅರ್ಧ ಮಿಲಿಮೀಟರ್ ತೇಗ: ಕಪಾಟಿನ ಕೆಲಸ ಇಲ್ಲಿಯವರೆಗೆ

ಮೊದಲ ವಾರ

ಎರಡು ಬಾಗಿಲು, ಅವುಗಳ ಮೇಲೆ ಎರಡು ಡ್ರಾಯರ್ ಇರುವ ಪುಸ್ತಕದ ಕಪಾಟು. ಅಗಲವಾದ ಗಟ್ಟಿ ಹಲಗೆ ತೇವಕ್ಕೆ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ನನಗೆ ಬೇಕಿದ್ದದ್ದು ಚೌಕಟ್ಟಿಲ್ಲದ ಸಪಾಟು ಬಾಗಿಲು. ಅದಕ್ಕೇ ತೇಗದ ವಿನಿಯರ್, ಅಂದರೆ ಮರದಿಂದ ಸೀಳಿದ ತೆಳು ಪದರ, ಅಂಟಿಸಿದ ಬೋರ್ಡು.

ವಿನಿಯರ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಒಳಗಿನ ತಿರುಳನ್ನು ಕೇಳುವವರು ಕಡಿಮೆ. ಪೆಟ್ಟಿಗೆ ಮತ್ತು ಖಾನೆಗಳಿಗೆ ಪ್ಲೈವುಡ್ ತಿರುಳಿನದ್ದು ತೆಗೆದುಕೊಂಡೆ: ಸ್ಕ್ರೂ ಚೆನ್ನಾಗಿ ಹಿಡಿಯುತ್ತದೆ, ಪುಸ್ತಕದ ಭಾರಕ್ಕೆ ಬೇಗ ಜೋಲುವುದಿಲ್ಲ. ಬಾಗಿಲಿಗೆ ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ತಿರುಳು. ಅದು ಹೆಚ್ಚು ಸಮತಟ್ಟು. ಎರಡೂ 8×4 ಅಡಿಯ ಹಾಳೆ, ಹೆಸರಿಗೆ 18 ಮಿ.ಮೀ. ಅಳೆದು ನೋಡಿದರೆ ಪ್ಲೈವುಡ್ 17.6 ಇತ್ತು. ಖಾನೆ ಕೂರುವ ಕಾಲುವೆಯಂಥ ತೋಡು ಕೊರೆಯುವ ಮೊದಲೇ ಅಳೆದದ್ದು ಒಳ್ಳೆಯದಾಯಿತು, ಇಲ್ಲವಾದರೆ ಖಾನೆಗಳೆಲ್ಲ ಸಡಿಲವಾಗುತ್ತಿದ್ದವು.

ಆರಿಸುವುದಕ್ಕೇ ಅರ್ಧ ದಿನ ಹಿಡಿಯಿತು. ಒಂದೇ ದಿಮ್ಮಿಯಿಂದ ಒಂದರ ಹಿಂದೊಂದು ಸೀಳಿದ ಪದರಗಳಾದರೆ ಗೆರೆಗಳು ಅಕ್ಕಪಕ್ಕದ ಹಾಳೆಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಸಾಗುತ್ತವೆ. ಹಾಗಾಗಿ ಬೇಕಾದ ಹಾಳೆಗಳನ್ನೆಲ್ಲ ಒಂದೇ ಸಲ ಕೊಳ್ಳಬೇಕು. ಆಮೇಲೆ ಹೋದರೆ ಅದೇ ಬಣ್ಣ, ಅದೇ ಗೆರೆ ಸಿಗುವ ಖಾತ್ರಿಯಿಲ್ಲ. ಪ್ರತಿ ಹಾಳೆಯನ್ನೂ ಓರೆ ಬೆಳಕಿಗೆ ಹಿಡಿದು ಗುಳ್ಳೆ ಹುಡುಕಿದೆ, ಅಂಚಿನಲ್ಲಿ ತಿರುಳಿಗೆ ಪೊಳ್ಳು ಇದೆಯೇ ಎಂದು ನೋಡಿದೆ, ಹಿಂಬದಿಯನ್ನೂ ತಿರುಗಿಸಿದೆ. ಬಾಗಿಲು ತೆರೆದಾಗ ಕಾಣುವುದು ಹಿಂಬದಿಯೇ ತಾನೆ.

ಎರಡನೇ ವಾರ

ಕೊಯ್ಯುವ ಮೊದಲು ಹಾಳೆಯ ಮೇಲೆ ಸೀಮೆಸುಣ್ಣದಲ್ಲಿ ಇಡೀ ಕಪಾಟಿನ ಮುಖವನ್ನೇ ಬರೆದೆ. ಡ್ರಾಯರಿನ ಮುಖ, ಅದರ ಕೆಳಗೆ ಬಾಗಿಲು, ಎರಡೂ ಒಂದೇ ಪಟ್ಟಿಯಿಂದ. ಗರಗಸ ತಿನ್ನುವ ಸುಮಾರು 3 ಮಿ.ಮೀ. ಅವೆರಡರ ನಡುವೆ ಬಿಡಬೇಕಾದ ಸಂದಿಗೆ ಸರಿಹೋಗುತ್ತದೆ, ಹಾಗಾಗಿ ಗೆರೆ ಮೇಲಿಂದ ಕೆಳಗೆ ಕಡಿಯದೆ ಇಳಿಯುತ್ತದೆ. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದೇ.

ನಾರಿಗೆ ಅಡ್ಡವಾಗಿ ಕೊಯ್ದಾಗ ಚಕ್ಕೆ ಏಳುತ್ತದೆ. ಗುರುತಿನ ಗೆರೆಯನ್ನು ಚಾಕುವಿನಿಂದ ಎರಡು ಮೂರು ಸಲ ಗೀರಿ, ಗೀರಿನ ಹೊರಬದಿಗೆ ಬ್ಲೇಡು ಓಡಿಸಿದೆ. ಕೈಯಲ್ಲಿ ಹಿಡಿಯುವ ವೃತ್ತಗರಗಸದ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಒಳ್ಳೆಯ ಮುಖ ಕೆಳಗಿರಬೇಕು. ಟೇಬಲ್ ಗರಗಸದಲ್ಲಿ ಮೇಲಿರಬೇಕು. ಹಲ್ಲು ಹೆಚ್ಚಿರುವ ಬ್ಲೇಡು ಹಾಕಿದ್ದರಿಂದ ಅಂಚು ಶುಭ್ರವಾಗಿ ಬಂತು.

ಮೂರನೇ ವಾರ

ಇಸ್ತ್ರಿ ಮಾಡಿ ಅಂಟಿಸುವ ಅಂಚುಪಟ್ಟಿಯನ್ನು ಖಾನೆಗಳಿಗೆ ಹಾಕಿದೆ. ಬಾಗಿಲುಗಳ ಅಂಚಿಗೆ ದಿನವೂ ಕೈ ತಾಗುತ್ತದೆ, ಅದಕ್ಕೆ 4 ಮಿ.ಮೀ. ದಪ್ಪದ ಗಟ್ಟಿ ತೇಗದ ಪಟ್ಟಿ.

ಎಡವಿದ್ದು ಇಲ್ಲೇ. ಪಟ್ಟಿಯನ್ನು ಮುಖಕ್ಕೆ ಸಮ ಮಾಡಲು ಎಡಬಾಗಿಲ ಮೂಲೆಯಲ್ಲಿ ಸ್ಯಾಂಡಿಂಗ್ ಮೆಷಿನ್ ಇಟ್ಟೆ. ವಿನಿಯರ್ ಇರುವುದೇ ಸುಮಾರು ಅರ್ಧ ಮಿಲಿಮೀಟರ್. ಕ್ಷಣದಲ್ಲಿ ಬೆರಳುಗುರಿನಷ್ಟು ಜಾಗದಲ್ಲಿ ಕೆಳಗಿನ ಎಂಡಿಎಫ್ ಕಂಡಿತು. ಬಾಗಿಲನ್ನೇ ಬದಲಿಸಿದರೆ ಡ್ರಾಯರಿನಿಂದ ಇಳಿದ ಗೆರೆ ತಪ್ಪಿಹೋಗುತ್ತಿತ್ತು. ಆದ್ದರಿಂದ ಬಣ್ಣ ಬೆರೆಸಿದ ಅರಗಿನ ಪಾಲಿಶನ್ನು ತೆಳು ಕುಂಚದಲ್ಲಿ ನಾರಿನ ಹಾಗೆ ಗೆರೆ ಗೆರೆಯಾಗಿ ಎಳೆದೆ. ಹುಡುಕಿದರೆ ಈಗಲೂ ಕಾಣುತ್ತದೆ. ಬೇಸರ ಹೋಗಿಲ್ಲ.

ಉಳಿದ ಅಂಚುಗಳಿಗೆ ಬೇರೆ ದಾರಿ ಹಿಡಿದೆ. ಪಟ್ಟಿಯ ಪಕ್ಕದ ವಿನಿಯರ್ ಮೇಲೆ ಮಾಸ್ಕಿಂಗ್ ಟೇಪನ್ನು ಎರಡು ಪದರ ಅಂಟಿಸಿ, ಪಟ್ಟಿಯನ್ನು ಕೀಸುಳಿಯಿಂದ ಇಳಿಸುತ್ತ ಬಂದೆ. ಅಲಗು ಟೇಪಿಗೆ ತಾಗಿದೊಡನೆ ನಿಲ್ಲಿಸುವುದು. ಆಮೇಲೆ ಟೇಪು ತೆಗೆದು, ಉಳಿದದ್ದಕ್ಕೆ ಮರದ ತುಂಡಿಗೆ ಸುತ್ತಿದ 240ರ (ನುಣುಪಾದ) ಸ್ಯಾಂಡ್‌ಪೇಪರ್, ಬರೀ ಕೈಯಲ್ಲಿ, ನಾರಿನ ದಿಕ್ಕಿನಲ್ಲಿ. ಪೆನ್ಸಿಲಿನಲ್ಲಿ ಮುಖದ ತುಂಬ ತೆಳ್ಳಗೆ ಗೀಚಿಕೊಂಡಿದ್ದೆ. ಗೀಚು ಮಾಯವಾದರೆ ಸಾಕು, ಮತ್ತೆ ಉಜ್ಜಬಾರದು.

ನಾಲ್ಕನೇ ವಾರ

ಜೋಡಿಸುವ ಮುನ್ನವೇ ಪಾಲಿಶ್. ಬಿಡಿ ಹಲಗೆ ಮಲಗಿರುತ್ತದೆ, ಮೂಲೆಗಳಲ್ಲಿ ಪಾಲಿಶ್ ಕಟ್ಟಿಕೊಳ್ಳುವುದಿಲ್ಲ, ಇಳಿಯುವುದಿಲ್ಲ. ಅಂಟು ಹಾಕುವ ಜಾಗಗಳಿಗೆ ಮಾತ್ರ ಟೇಪು. ಮೊದಲು ಟರ್ಪಂಟೈನಿನಲ್ಲಿ ಒದ್ದೆ ಮಾಡಿದ ಬಟ್ಟೆ ಸವರಿದೆ: ಒಣಗಿದ ಅಂಟಿನ ಕಲೆ ಇದ್ದರೆ ಆಗಲೇ ಬಿಳಿಚಿಕೊಂಡು ಕಾಣುತ್ತದೆ. ಎರಡು ಸಿಕ್ಕವು, ಕೆರೆದೆ.

ತುಂಡು ಹಲಗೆಗಳ ಮೇಲೆ ಮೂರು ಬಗೆ ಹಚ್ಚಿ ನೋಡಿದ ಮೇಲೆ ನಿರ್ಧರಿಸಿದ್ದು: ಮೇಣ ತೆಗೆದ ಅರಗಿನ ಒಂದು ಕೈ (ಒಂದು ಸಲದ ಲೇಪ), ಅದರ ಮೇಲೆ ಟರ್ಪಂಟೈನ್ ಬೆರೆಸಿ ತೆಳ್ಳಗೆ ಮಾಡಿದ ಎಣ್ಣೆ ಆಧಾರಿತ ಪಾಲಿಯುರೆಥೇನ್ ವಾರ್ನಿಶ್, ಬಟ್ಟೆಯಲ್ಲಿ ಸವರಿ. ತೇಗದಲ್ಲಿ ಸಹಜ ಎಣ್ಣೆಯಂಶವಿದೆ, ಅದು ಮೇಲಿನ ಪಾಲಿಶ್ ಒಣಗಲು ಬಿಡದಿರಬಹುದು. ನಡುವೆ ಅರಗು ತಡೆಯಾಗಿ ನಿಲ್ಲುತ್ತದೆ. ಕೈಗಳ ನಡುವೆ 320ರಲ್ಲಿ ಹಗುರವಾಗಿ ಉಜ್ಜುತ್ತಿದ್ದೇನೆ. ಮುಂಬದಿಗೆ ಎಷ್ಟು ಕೈಯೋ ಹಿಂಬದಿಗೂ ಅಷ್ಟೇ. ಒಂದು ಬದಿ ಬೋಳಾಗಿ ಬಿಟ್ಟರೆ ಆ ಬದಿ ಹೆಚ್ಚು ತೇವ ಕುಡಿದು ಬಾಗಿಲು ಬಾಗುತ್ತದೆ.

ಒಂದು ಎಚ್ಚರ. ಇಂಥ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳಬಹುದು. ನಾನು ಬಯಲಲ್ಲಿ ಒಂದೊಂದನ್ನೂ ಬಿಡಿಸಿ ಹರಡಿ, ಗಟ್ಟಿಯಾದ ಮೇಲೆ ಬಿಸಾಡುತ್ತೇನೆ.

ಇವತ್ತಿಗೆ ಮುಂಬದಿಗಳಿಗೆ ಮೂರು ಕೈ ಆಗಿದೆ, ಹಿಂಬದಿಗೆ ಎರಡು. ನಾಳೆ ಬೆಳಿಗ್ಗೆ ಬಾಗಿಲು ತಿರುಗಿಸಿ ಮೂರನೆಯದು.