ಪೂರ್ತಿ ಒಂದು ನಿಮಿಷ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ನನಗೆ ಈಗಲೂ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಮೆಡಿಸಿನ್ ವಾರ್ಡ್ ನೆನಪಾಗುತ್ತದೆ. ಮಲೇರಿಯಾ, ಡೆಂಗಿ, ಇಲಿಜ್ವರ. ಮಂಚ ಖಾಲಿ ಇರುತ್ತಿರಲಿಲ್ಲ. ನಮ್ಮ ಸರ್ ರೌಂಡ್ಸಿಗೆ ಬಂದರೆ ಮೊದಲು ಕೇಳುತ್ತಿದ್ದದ್ದು, "ಉಸಿರು ಎಷ್ಟು? ಎಣಿಸಿದ್ದಾ, ಸುಮ್ನೆ ಬರೆದದ್ದಾ?" ಹೌಸ್ ಸರ್ಜನ್ ಆಗಿದ್ದಾಗ ಒಮ್ಮೆ ನಾನು ಎಣಿಸದೆ, ಆರೋಗ್ಯವಂತರಿಗೆ ಇರುವಷ್ಟೇ, ನಿಮಿಷಕ್ಕೆ 18 ಎಂದು ಬರೆದಿದ್ದೆ. ಸರ್ ಬೈಯಲಿಲ್ಲ. ತಮ್ಮ ವಾಚ್ ಬಿಚ್ಚಿ ಕೈಗೆ ಕೊಟ್ಟರು. ಪೂರ್ತಿ ಒಂದು ನಿಮಿಷ ಎಣಿಸಿದೆ. 32 ಇತ್ತು.

ಮೆಡಿಸಿನ್‌ನಲ್ಲಿ ಎಂ.ಡಿ. ಮುಗಿಸಿ, ನಿಗದಿತ ಅವಧಿಯ ಶಾರ್ಟ್ ಸರ್ವಿಸ್ ಕಮಿಷನ್‌ನಲ್ಲಿ ಫಿಸಿಷಿಯನ್ ಆಗಿ ಸೇನೆ ಸೇರಿದೆ. ಲಡಾಖ್‌ನ ಫೀಲ್ಡ್ ಆಸ್ಪತ್ರೆಗೆ ಪೋಸ್ಟಿಂಗ್ ಆಯಿತು. "ಗುಂಡೇಟು ತಿಂದವರನ್ನು ನೋಡುವುದಾ ಮಗಾ?" ಎಂದು ಅಮ್ಮ ಹೆದರಿದ್ದರು. ಗುಂಡೇಟು ಸರ್ಜನ್‌ಗೆ. ಬೆಳಿಗ್ಗೆ ಸಾಲು ನಿಲ್ಲುತ್ತಿದ್ದವರಿಗೆ ಜ್ವರ, ಭೇದಿ, ಬಿ.ಪಿ., ಹಿಮದಿಂದ ಕಪ್ಪಾದ ಬೆರಳು. ಇನ್ನೂ ಎತ್ತರದ ಕಾವಲು ಠಾಣೆಗೆ ಯಾರು ಹೋಗಬಹುದು, ಯಾರು ಬೇಡ ಎಂದು ಹೇಳುವುದೂ ಫಿಸಿಷಿಯನ್ ಕೆಲಸವೇ. ರಜೆ ಮುಗಿಸಿ ಬಂದ ಜವಾನನೊಬ್ಬನಿಗೆ ಚಳಿಜ್ವರ. ಆ ಚಳಿಯಲ್ಲಿ ಸೊಳ್ಳೆ ಎಲ್ಲಿಂದ, ಅಲ್ವಾ? ಆದರೆ ವೈವಾಕ್ಸ್ ಮಲೇರಿಯಾ ಲಿವರ್‌ನಲ್ಲಿ ತಿಂಗಳುಗಟ್ಟಲೆ ಅಡಗಿರುತ್ತದೆ. ಮಂಗಳೂರಲ್ಲಿ ಕಲಿತವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ರಕ್ತ ನೋಡಿದೆ, ಅದೇ.

ಜಾಸ್ತಿ ಹೆದರಿಸುತ್ತಿದ್ದದ್ದು ಮಾತ್ರ ಎತ್ತರ. ಲೇಹ್ ಪಟ್ಟಣವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವಿಮಾನ ಇಳಿದವರಿಗೆ ಮೊದಲ ಎರಡು ದಿನ ಬರೀ ವಿಶ್ರಾಂತಿ. ಅವಸರದಲ್ಲಿ ಮೇಲೆ ಹತ್ತಿದರೆ ಗಟ್ಟಿಮುಟ್ಟಾದ ಹುಡುಗನ ಶ್ವಾಸಕೋಶದಲ್ಲೂ ನೀರು ತುಂಬುತ್ತದೆ. ಇದನ್ನು ಹೇಪ್ ಎನ್ನುತ್ತಾರೆ. ಇದಕ್ಕೆ ದೊಡ್ಡ ಮದ್ದು ಕೆಳಗಿಳಿಸುವುದು.

ಒಂದು ಸಂಜೆ ಬೆಳಗಾವಿ ಕಡೆಯ ಹುಡುಗನೊಬ್ಬ ಬಂದ. "ಬರೀ ಕೆಮ್ಮು ರೀ ಸಾಹೇಬ್ರ" ಎಂದ. ಸುಮ್ಮನೆ ಕೂತಿದ್ದ, ಉಸಿರು 36. ಹೊರಗೆ ಹಿಮ ಸುರಿಯುತ್ತಿತ್ತು, ಹೆಲಿಕಾಪ್ಟರ್ ಬರುವಂತಿರಲಿಲ್ಲ. ಆಕ್ಸಿಜನ್, ಶ್ವಾಸಕೋಶದ ರಕ್ತದೊತ್ತಡ ಇಳಿಸುವ ನಿಫೆಡಿಪಿನ್ ಕೊಟ್ಟು ಹೇಪ್ ಬ್ಯಾಗಿನಲ್ಲಿ ಮಲಗಿಸಿದೆವು. ಅದು ಮನುಷ್ಯ ಹಿಡಿಸುವ ಗಾಳಿಚೀಲ. ಪಂಪ್ ಒತ್ತುತ್ತಾ ಇದ್ದರೆ ಒಳಗಿನವನಿಗೆ ಸಾವಿರಕ್ಕೂ ಹೆಚ್ಚು ಮೀಟರ್ ಕೆಳಗಿಳಿದಂತೆ. ನರ್ಸಿಂಗ್ ಅಸಿಸ್ಟೆಂಟ್, ಅಡುಗೆಯವನು, ನಾನು ರಾತ್ರಿಯಿಡೀ ಸರದಿಯಲ್ಲಿ ಪಂಪ್ ಒತ್ತಿದೆವು. ಬೆಳಿಗ್ಗೆ ಹೆಲಿಕಾಪ್ಟರ್‌ಗೆ ಹತ್ತಿಸುವ ಮೊದಲು ಅವನ ಉಸಿರು 24.

ಸರ್, ನೀವು ಈ ಸಂಚಿಕೆ ಓದುತ್ತೀರಿ ಎಂದು ಗೊತ್ತು. ಪೂರ್ತಿ ಒಂದು ನಿಮಿಷ ಎಣಿಸಿಯೇ ಬರೆದದ್ದು.