ಯಾರ್ಕ್‌ಟೌನ್ ಮೇಷ್ಟ್ರು

ಒಂಬತ್ತನೇ ತರಗತಿಯ ಸಮಾಜ ಪುಸ್ತಕದಲ್ಲಿ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮಕ್ಕೆ ಇದ್ದದ್ದು ಕೆಲವೇ ಪುಟ. ನಮ್ಮ ಮೇಷ್ಟ್ರು ಅದನ್ನು ದಸರಾ ರಜೆಗೆ ಮುಂಚೆ ಶುರುಮಾಡಿ ಸಂಕ್ರಾಂತಿವರೆಗೂ ಎಳೆದರು. ಪೋರ್ಷನ್ ಮುಗಿಯಲಿಲ್ಲ. ಉಳಿದ ಪಾಠಗಳನ್ನು ನಾವೇ ಓದಿಕೊಂಡೆವು, ಪರೀಕ್ಷೆಯನ್ನೂ ಪಾಸು ಮಾಡಿದೆವು. ಆ ಪಾಠಗಳಲ್ಲಿ ಏನಿತ್ತೆಂದು ಈಗ ಕೇಳಿದರೆ ನಮ್ಮ ಬ್ಯಾಚಿನಲ್ಲಿ ಒಬ್ಬರಿಗೂ ನೆನಪಿಲ್ಲ. ಈ ಆಷಾಢದಲ್ಲಿ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ, ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮೊದಲು ಬಂದ ಮಾತು ‘ಯಾರ್ಕ್‌ಟೌನ್ ಮೇಷ್ಟ್ರು ಹೋಗ್ಬಿಟ್ರಂತೆ’ ಎಂದೇ. ಅವರ ನಿಜವಾದ ಹೆಸರು ಆಮೇಲೆ ಬಂತು.

ಬಿಳಿ ಪಂಚೆ, ಖಾದಿ ಜುಬ್ಬ, ಬಲಗೈ ತುಂಬ ಸೀಮೆಸುಣ್ಣದ ಪುಡಿ. ಕಪ್ಪುಹಲಗೆಯ ಎಡತುದಿಯಲ್ಲಿ ಅಮೆರಿಕದ ಪೂರ್ವ ಕರಾವಳಿಯನ್ನೂ ಬಲತುದಿಯಲ್ಲಿ ನಮ್ಮ ಕಾವೇರಿಯನ್ನೂ ಬರೆದು, ನಡುವೆ ಸಮುದ್ರಕ್ಕೆಂದು ಜಾಗ ಬಿಟ್ಟು ಪಾಠ ಶುರುಮಾಡುತ್ತಿದ್ದರು. ‘ಎರಡೂ ಕಡೆ ಒಬ್ಬನೇ ಯಜಮಾನ, ಒಂದೇ ಬೊಕ್ಕಸ. ಅಲ್ಲಿ ಸಾಲ ಆದ್ರೆ ಇಲ್ಲಿ ವಸೂಲಿ’ ಎನ್ನುತ್ತಿದ್ದರು. ಫ್ರೆಂಚರ ಮೇಲೆ ನಡೆಸಿದ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ನಿನ ತಲೆಯ ಮೇಲೆ ಭಾರಿ ಸಾಲ. ಅದನ್ನು ತೀರಿಸಲು ವಸಾಹತುಗಳ ಮೇಲೆ 1765ರಲ್ಲಿ ಸ್ಟ್ಯಾಂಪ್ ತೆರಿಗೆ ಹೇರಿದರು. ಪಾರ್ಲಿಮೆಂಟಿನಲ್ಲಿ ನಮ್ಮವರೊಬ್ಬರೂ ಇಲ್ಲದಿರುವಾಗ ತೆರಿಗೆ ಯಾಕೆ ಕೊಡಬೇಕು ಎಂದು ಅಲ್ಲಿಯವರು ಕೇಳಿದರು. ಈ ಪ್ರಶ್ನೆ ನಮಗೆ ಎಷ್ಟು ಹಿಡಿಸಿತೆಂದರೆ, ಅದರಿಂದಲೇ ನಮ್ಮ ಶಾಲೆಯಲ್ಲಿ ಒಂದು ಸಣ್ಣ ದಂಗೆಯಾಯಿತು.

ಆ ವರ್ಷ ಆಟದ ಫೀಜು ಏರಿಸಿದ್ದರು. ಆಟಕ್ಕೆ ಮಾತ್ರ ಹರಿದ ವಾಲಿಬಾಲ್ ನೆಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಬೋಸ್ಟನ್ ಬಂದರಿನಲ್ಲಿ 1773ರ ಡಿಸೆಂಬರ್ 16ರ ರಾತ್ರಿ ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಟೀ ಸಮುದ್ರಕ್ಕೆ ಬಿದ್ದ ಪಾಠ ಆದ ಮಾರನೆಯ ದಿನ, ಸ್ಟಾಫ್‌ರೂಮಿನ ಟೀಪುಡಿ ಡಬ್ಬವೂ ಸಕ್ಕರೆ ಡಬ್ಬವೂ ಶಾಲೆಯ ಹಿಂದಿನ ನಾಲೆಯಲ್ಲಿ ಖಾಲಿಯಾದವು. ಮುಖಕ್ಕೆ ಮಸಿ ಬಳಿದುಕೊಂಡು ಹೋಗಿದ್ದ ಆ ತಂಡದ ಮುಂದಾಳು ನಾನು. ಯಾರನ್ನೂ ಬಿಟ್ಟುಕೊಡಬಾರದೆಂದು ಆಣೆ ಹಾಕಿಸಿದ್ದೂ ನಾನೇ, ಕೊನೆಗೂ ಯಾರೂ ಬಿಟ್ಟುಕೊಡಲಿಲ್ಲ. ಆದರೆ ಮಸಿ ಪೂರ್ತಿ ಹೋಗಿರಲಿಲ್ಲ.

ಮೇಷ್ಟ್ರು ಬೆತ್ತ ಮುಟ್ಟಲಿಲ್ಲ. ನಮ್ಮನ್ನೆಲ್ಲ ಬೇವಿನ ಮರದ ಕೆಳಗೆ ಕೂರಿಸಿಕೊಂಡರು.

‘ಟೀಪುಡಿ ಎಸೆದ್ರಿ, ಸರಿ. ಸಕ್ಕರೆ ಯಾಕ್ರಪ್ಪ ಎಸೆದ್ರಿ? ಬೋಸ್ಟನ್ನಿನೋರು ಟೀ ಬಿಟ್ಟು ಹಡಗಿನ ಬೇರೆ ಸಾಮಾನು ಮುಟ್ಟಲಿಲ್ಲ. ಒಂದು ಬೀಗ ಒಡೆದುಹೋಗಿತ್ತು ಅಂತ ಅದಕ್ಕೂ ಬದಲಿ ಬೀಗ ಕೊಟ್ರು.’

ಎಲ್ಲರೂ ಸುಮ್ಮನಿದ್ದೆವು.

‘ಅದಿರ್ಲಿ. ಅವರು ವರ್ಷಗಟ್ಟಲೆ ಅರ್ಜಿ ಬರೆದು ಬರೆದು ಸೋತು ಆಮೇಲೆ ಟೀ ಎಸೆದೋರು. ಯುದ್ಧ ಶುರುವಾದ ಮೇಲೂ, 1775ರ ಜುಲೈನಲ್ಲಿ, ರಾಜನಿಗೆ ಇನ್ನೊಂದು ಅರ್ಜಿ ಕಳಿಸಿದ್ರು. ನಿಮ್ಮ ಅರ್ಜಿ ಎಲ್ಲಿ?’

ಸಕ್ಕರೆಯ ದುಡ್ಡನ್ನು ನಾವು ಒಟ್ಟುಮಾಡಿ ಕೊಟ್ಟೆವು. ಟೀಪುಡಿಯದನ್ನು ಅವರೇ ಕೊಟ್ಟರು. ಅರ್ಜಿಯನ್ನು ನನ್ನ ಕೈಯಲ್ಲಿ ಬರೆಸಿದರು, ‘ಬೇಡಿಕೆ ಒಂದೇ ಇರ್ಲಿ, ಕಾರಣ ಗಟ್ಟಿಯಾಗಿರ್ಲಿ’ ಎಂದು ತಿದ್ದಿ ತಿದ್ದಿ. ಫೀಜು ಇಳಿಯಲಿಲ್ಲ, ಹೊಸ ನೆಟ್ಟು ಬಂತು. ಮುಂದೆ ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡುವಾಗ ನನ್ನ ಟಿಪ್ಪಣಿಗಳು ಚೆನ್ನಾಗಿರುತ್ತವೆಂದು ಮೇಲಧಿಕಾರಿಗಳು ಹೊಗಳುತ್ತಿದ್ದರು. ಅದರ ಬೇರು ಆ ಬೇವಿನ ಮರದ ಕೆಳಗಿದೆ.

ಅವರ ಪಾಠದ ತಿರುಳು ಯುದ್ಧ ಗೆದ್ದ ಬಗೆ. ಯುದ್ಧ ಶುರುವಾದ ಲೆಕ್ಸಿಂಗ್ಟನ್ನಿನ ಗುಂಡು, 1776ರ ಜುಲೈ 4ರ ಘೋಷಣೆ, ಇವು ಬೇಗ ಮುಗಿಯುತ್ತಿದ್ದವು. ‘ಘೋಷಣೆ ಓದಿದ್ರೆ ರಾಜ ಓಡೋಗ್ತಾನಾ?’ ಎಂದು ಕೇಳಿ, ಆ ವರ್ಷವೇ ಅಮೆರಿಕದವರ ದಂಡನಾಯಕ ವಾಷಿಂಗ್ಟನ್ ನ್ಯೂಯಾರ್ಕ್ ಕಳೆದುಕೊಂಡದ್ದಕ್ಕೆ ಬರುತ್ತಿದ್ದರು. ವಾಷಿಂಗ್ಟನ್ ಸೋತ ಲಡಾಯಿಗಳು ಗೆದ್ದದ್ದಕ್ಕಿಂತ ಹೆಚ್ಚು, ಆದರೂ ಗೆದ್ದದ್ದು ಹೇಗೆ? ಅದಕ್ಕೆ ಮೇಷ್ಟ್ರು ನಮ್ಮನ್ನು ಕಬಡ್ಡಿ ಅಂಕಣದ ಹತ್ತಿರ ನಿಲ್ಲಿಸುತ್ತಿದ್ದರು. ಒಬ್ಬ ಔಟಾಗದೆ ಉಳಿದರೂ ತಂಡ ಬದುಕಿದೆ, ಅವನೊಬ್ಬ ಎದುರಾಳಿಯನ್ನು ಹಿಡಿದರೆ ಹೋದವನೊಬ್ಬ ಮತ್ತೆ ಒಳಗೆ ಬರುತ್ತಾನೆ. ವಾಷಿಂಗ್ಟನ್ ಕಾಪಾಡಿಕೊಂಡದ್ದು ಊರುಗಳನ್ನಲ್ಲ, ಸೈನ್ಯವನ್ನು. 1776ರ ಕ್ರಿಸ್‌ಮಸ್ ರಾತ್ರಿ ಹಿಮಗಡ್ಡೆ ತೇಲುವ ಡೆಲವೇರ್ ನದಿ ದಾಟಿ, ಬೆಳಗ್ಗೆ ಟ್ರೆಂಟನ್ನಿನಲ್ಲಿ ಬ್ರಿಟಿಷರು ಬಾಡಿಗೆಗೆ ತಂದಿದ್ದ ಜರ್ಮನ್ ಸಿಪಾಯಿಗಳನ್ನು ಸೆರೆಹಿಡಿದ. ಮರುವರ್ಷದ ಚಳಿಗಾಲ ವ್ಯಾಲಿ ಫೋರ್ಜ್‌ನಲ್ಲಿ ಸುಮಾರು 2,000 ಜನ ಸತ್ತರು, ಬಹುಪಾಲು ರೋಗದಿಂದ. ಆದರೂ ಸೈನ್ಯ ಚದುರಲಿಲ್ಲ. ಅಷ್ಟರೊಳಗೆ ಸಾರಟೋಗದಲ್ಲಿ ಬ್ರಿಟಿಷರ ಒಂದು ಇಡೀ ದಂಡು ಶರಣಾಗಿತ್ತು. ಅದನ್ನು ನೋಡಿಯೇ ಫ್ರಾನ್ಸ್ 1778ರಲ್ಲಿ ಕೈಜೋಡಿಸಿತು.

ಇಲ್ಲಿಗೆ ಬಂದಾಗ ಮೇಷ್ಟ್ರು ಹಲಗೆಯ ಬಲತುದಿಗೆ ನಡೆಯುತ್ತಿದ್ದರು. ಫ್ರಾನ್ಸ್ ಅಮೆರಿಕದ ಪಕ್ಷ ಸೇರಿದ್ದರಿಂದ ಬ್ರಿಟಿಷರು ಇಲ್ಲಿನ ಫ್ರೆಂಚ್ ನೆಲೆಗಳ ಮೇಲೆ ಬಿದ್ದರು. ಹೈದರಾಲಿಗೆ ಮದ್ದುಗುಂಡು ಬರುತ್ತಿದ್ದ ಮಾಹೆ ಬಂದರನ್ನು 1779ರಲ್ಲಿ ಹಿಡಿದರು. ಹೈದರ್ ಕೆರಳಿ ಮರುವರ್ಷ ಯುದ್ಧಕ್ಕಿಳಿದ, ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ದಂಡು ನುಚ್ಚುನೂರಾಯಿತು. ಆ ಸುದ್ದಿ ಅಮೆರಿಕಕ್ಕೂ ಮುಟ್ಟಿತು. ಪೆನ್ಸಿಲ್ವೇನಿಯದವರು ತಮ್ಮ ಒಂದು ಯುದ್ಧನೌಕೆಗೆ ಹೈದರಾಲಿಯ ಹೆಸರಿಟ್ಟರು, ಆ ಹಡಗು 1782ರ ಏಪ್ರಿಲಿನಲ್ಲಿ ಬ್ರಿಟಿಷರ ಹಡಗೊಂದನ್ನು ಸೆರೆಹಿಡಿಯಿತು. ಇದನ್ನು ಕೇಳಿದ ದಿನ ನಮ್ಮ ಕ್ಲಾಸಿನಲ್ಲಿ ಬಿದ್ದ ಚಪ್ಪಾಳೆಗೆ ಪಕ್ಕದ ಕ್ಲಾಸಿನ ಗಣಿತದ ಮೇಡಂ ಓಡಿಬಂದಿದ್ದರು.

ಆಮೇಲೆ ವರ್ಜೀನಿಯದ ಯಾರ್ಕ್‌ಟೌನ್. 1781ರ ಸೆಪ್ಟೆಂಬರಿನಲ್ಲಿ ಫ್ರೆಂಚ್ ನೌಕಾಪಡೆ ಅಲ್ಲಿನ ಚೆಸಪೀಕ್ ಕೊಲ್ಲಿಯ ಬಾಯಿ ಮುಚ್ಚಿತು, ನೆಲದ ಮೇಲೆ ವಾಷಿಂಗ್ಟನ್ನೂ ಫ್ರೆಂಚ್ ದಂಡನಾಯಕ ರೋಶಾಂಬೊನೂ ಸುತ್ತುಗಟ್ಟಿದರು. ಅಕ್ಟೋಬರ್ 19ರಂದು ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್‌ನ 7,000ಕ್ಕೂ ಹೆಚ್ಚು ಜನ ಆಯುಧ ಕೆಳಗಿಟ್ಟರು. ತನಗೆ ಹುಷಾರಿಲ್ಲವೆಂದು ಅವನು ಬರಲಿಲ್ಲ, ಕತ್ತಿ ಒಪ್ಪಿಸಲು ಕೈಕೆಳಗಿನವನನ್ನು ಕಳಿಸಿದ. ‘ಈ ಹೆಸರು ಚೆನ್ನಾಗಿ ನೆನಪಿಟ್ಕೊಳಿ. ಇವನು ನಮ್ಮೂರಿಗೆ ಬರ್ತಾನೆ’ ಎಂದು ಹೇಳಿ ಮೇಷ್ಟ್ರು ಅವತ್ತಿನ ಪಾಠ ನಿಲ್ಲಿಸಿದ್ದರು.

ಬಂದದ್ದು ನಿಜ, ಗವರ್ನರ್ ಜನರಲ್ ಆಗಿ. ಬೆಂಗಳೂರು ಕೋಟೆ ಒಡೆದದ್ದು 1791ರ ಮಾರ್ಚ್ 21ರಂದು. ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒತ್ತೆಯಿಟ್ಟುಕೊಂಡದ್ದು ಇದೇ ಕಾರ್ನ್‌ವಾಲಿಸ್. ಅಲ್ಲ, ರಾಜ್ಯವನ್ನು ಒತ್ತೆಯಿಟ್ಟುಕೊಳ್ಳಲಿಲ್ಲ, ನುಂಗಿಯೇ ಬಿಟ್ಟರು. ಮೇಷ್ಟ್ರು ಇದ್ದಿದ್ದರೆ ಈ ವಾಕ್ಯಕ್ಕೆ ಕೆಂಪು ಗೆರೆ ಎಳೆಯುತ್ತಿದ್ದರು. ಅಮೆರಿಕದವರು ಗೆದ್ದದ್ದಕ್ಕೂ ನಾವು ಸೋತದ್ದಕ್ಕೂ ನಡುವೆ ಫ್ರೆಂಚರಿದ್ದಾರೆ ಎಂದು ಅವರು ಒತ್ತಿ ಹೇಳುತ್ತಿದ್ದರು. ಯುರೋಪಿನಲ್ಲಿ ಸಂಧಿಯಾದ ಸುದ್ದಿ 1783ರಲ್ಲಿ ಇಲ್ಲಿಗೆ ಮುಟ್ಟಿದ್ದೇ ತಡ, ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದ ಟಿಪ್ಪುವನ್ನು ಬಿಟ್ಟು, ಅವನ ಜೊತೆಗಿದ್ದ ಫ್ರೆಂಚರು ಹಿಂದೆ ಸರಿದರು.

ಹಾಗೆಂದು ಮೇಷ್ಟ್ರು ಗೆದ್ದವರಿಗೆ ಆರತಿ ಎತ್ತಲಿಲ್ಲ. ಎಲ್ಲ ಮನುಷ್ಯರೂ ಸಮಾನರು ಎಂದು ಬರೆದವರ ಹೊಲದಲ್ಲೇ ಗುಲಾಮರು ದುಡಿಯುತ್ತಿದ್ದರು, ವಾಷಿಂಗ್ಟನ್ನನ ಹೊಲದಲ್ಲೂ. ಯುದ್ಧ ಮುಗಿಸಿದ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟಿಷರು ಮೂಲನಿವಾಸಿಗಳ ನೆಲವನ್ನು ಅವರನ್ನು ಕೇಳದೆಯೇ ಅಮೆರಿಕಕ್ಕೆ ಕೊಟ್ಟುಬಿಟ್ಟರು. ಇದನ್ನು ಹೇಳುವಾಗ ಅವರ ದನಿ ಏರುತ್ತಿತ್ತು.

ಮಗಳ ಮನೆಗೆ ವರ್ಜೀನಿಯಕ್ಕೆ ಹೋಗಿದ್ದಾಗ ನಾನು ಯಾರ್ಕ್‌ಟೌನ್ ನೋಡಿದೆ. ಮುತ್ತಿಗೆಯ ಮಣ್ಣಿನ ದಿಬ್ಬಗಳನ್ನು ಮತ್ತೆ ಕಟ್ಟಿ ಇಟ್ಟಿದ್ದಾರೆ, ಶರಣಾದ ಬಯಲು ಹಾಗೇ ಇದೆ. ಪಕ್ಕದಲ್ಲಿ ನಿಂತಿದ್ದ ಅಮೆರಿಕದ ಕುಟುಂಬವೊಂದಕ್ಕೆ ಕಾರ್ನ್‌ವಾಲಿಸ್ ಆಮೇಲೆ ಎಲ್ಲಿಗೆ ಹೋದನೆಂದು ನಾನೇ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ನನ್ನ ಮೊಮ್ಮಗಳೂ ಇದೇ ಯುದ್ಧವನ್ನು ಬೆಂಗಳೂರಿನ ಒಂದು ಶಾಲೆಯಲ್ಲಿ ಓದಿದ್ದಾಳೆ. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕಿ ಪೂರ್ತಿ ಅಂಕ ತಂದಳು. ಸ್ಮಾರ್ಟ್ ಬೋರ್ಡಿನಲ್ಲಿ ಬಣ್ಣದ ನಕ್ಷೆ ಬಂತಂತೆ, ಮೈಸೂರಿನ ಮಾತು ಬರಲಿಲ್ಲವಂತೆ. ಮಕ್ಕಳ ತಪ್ಪಲ್ಲ, ಈಗಿನ ಶಿಕ್ಷಕರಿಗೆ ಗಣತಿ, ತರಬೇತಿ, ಆನ್‌ಲೈನ್ ಮಾಹಿತಿ ತುಂಬುವುದರಲ್ಲೇ ದಿನ ಮುಗಿದುಹೋಗುತ್ತದೆ. ಆದರೂ ನನಗೆ ಸಂಕಟವಾಯಿತು.

ಆದ್ದರಿಂದ ಶಾಲೆಯ ಈಗಿನ ಸಮಾಜ ಶಿಕ್ಷಕರಲ್ಲಿ ನನ್ನದೊಂದು ಅರ್ಜಿ, ಮೇಷ್ಟ್ರು ಕಲಿಸಿದಂತೆ ಬೇಡಿಕೆ ಒಂದೇ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರ ಉಳಿದಿರುವ ಕೋಟೆಯ ಗೋಡೆಯಲ್ಲಿ, 1791ರಲ್ಲಿ ಬ್ರಿಟಿಷರು ಒಳನುಗ್ಗಿದ ಬಿರುಕಿನ ಜಾಗಕ್ಕೆ ಒಂದು ಫಲಕವಿದೆ. ಒಂಬತ್ತನೇ ತರಗತಿಯ ಮಕ್ಕಳನ್ನು ವರ್ಷಕ್ಕೊಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ ಯಾರ್ಕ್‌ಟೌನ್ ಪಾಠ ಮಾಡಿ. ಬಸ್ಸಿನ ಖರ್ಚು, ಮಕ್ಕಳ ಊಟ ನಮ್ಮ ಬ್ಯಾಚಿನದು. ಮೇಷ್ಟ್ರ ಹೆಸರಿನಲ್ಲಿ ದುಡ್ಡು ಕೂಡಿಸಿ ಇಟ್ಟಿದ್ದೇವೆ, ಯಾವ ತಿಂಗಳು ಅನುಕೂಲವೆಂದು ಶಾಲೆಯವರು ತಿಳಿಸಿದರೆ ಸಾಕು.