ಇವತ್ತು ನಾನು ಕೈ ಇಡಲ್ಲ

"ಇವತ್ತು ನಾನು ಕೈ ಇಡಲ್ಲ. ಮೊದ್ಲು ಫೋಟೋ ತೆಗೆಸ್ಕೊಂಡು ಬನ್ನಿ."

ಈ ವಾರ ಮೈಸೂರಿನ ಗರಡಿಯೊಂದರಲ್ಲಿ ಉಸ್ತಾದರು ಆಡಿದ ಮಾತಿದು. ಫೋಟೋ ಅಂದರೆ ಎಕ್ಸ್-ರೇ. ಹದಿನೇಳರ ಹುಡುಗ, ಧೋಬಿ ಪಟ್ಟಿಗೆ ಸಿಕ್ಕಿ ಎದುರಿನವನ ಹೆಗಲ ಮೇಲಿಂದ ಉರುಳಿ ಬರುತ್ತಿದ್ದ. ಬೆನ್ನು ಮಣ್ಣಿಗೆ ತಾಗಿದರೆ ಚಿತ್. ಆ ಭಯಕ್ಕೆ ಹೊಸಬರ ಅಂಗೈ ತಾನಾಗಿ ನೆಲಕ್ಕೆ ಹೋಗುತ್ತದೆ, ಇವನದೂ ಹೋಯಿತು. ಮೈಭಾರವೆಲ್ಲ ನೆಟ್ಟಗೆ ನಿಂತ ತೋಳಿನ ಮೇಲೆ ಬಿದ್ದು, ಭುಜದ ದುಂಡು ಮಾಯವಾಗಿ ಮೂಳೆಯ ಅಂಚು ಎದ್ದು ಕಂಡಿತು. ಕೀಲು ತಪ್ಪಿದೆ ಎನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತಾಗಿತ್ತು. ಹುಡುಗನ ತಂದೆಗೂ ಗೊತ್ತಾಗಿತ್ತು, ಅದಕ್ಕೇ ಅವರಿಗೆ ಕೋಪ.

"ನಿಮ್ಮ ಅಪ್ಪಾಜಿ ಇದ್ದಿದ್ರೆ ಇಲ್ಲೇ ಕೂರಿಸ್ಬಿಡ್ತಿದ್ರು."

"ಅಪ್ಪಾಜಿ ಕಾಲ್ದಲ್ಲಿ ಫೋಟೋ ಇರ್ಲಿಲ್ಲ ಸ್ವಾಮಿ."

ಉಸ್ತಾದರು ತಲೆ ಎತ್ತದೆಯೇ ಹೇಳಿದರು. ಅವರ ಕಣ್ಣು ಹುಡುಗನ ಬೆರಳುಗಳ ಮೇಲಿತ್ತು. ಮಡಚು, ಬಿಚ್ಚು ಅಂದರು. ಉಗುರು ಒತ್ತಿ ಬಿಟ್ಟರು: ಬಿಳಿಚಿದ ಉಗುರು ಎರಡು ಸೆಕೆಂಡಿನೊಳಗೆ ಕೆಂಪಾದರೆ ರಕ್ತ ಓಡುತ್ತಿದೆ ಎಂದರ್ಥ. ಮಣಿಕಟ್ಟಿನ ನಾಡಿ ನೋಡಿದರು. ತೋಳಿನ ಮೇಲ್ಭಾಗ, ಹೊರಮಗ್ಗುಲಲ್ಲಿ ಒಂದು ಅಂಗೈಯಷ್ಟು ಜಾಗವನ್ನು ಬೆರಳಿಂದ ಸವರಿ, "ಗೊತ್ತಾಗ್ತಿದೆಯೇನೋ?" ಅಂದರು. ಭುಜದ ಕೀಲು ತಪ್ಪಿದಾಗ ಅದರ ಕೆಳಗೆ ಸುತ್ತಿಹೋಗುವ ನರ ಜಗ್ಗಿದ್ದರೆ ಜೋಮು ಹಿಡಿಯುವುದು ಅಲ್ಲೇ. ಅಷ್ಟರಲ್ಲಿ ಯಾರೋ ಎಣ್ಣೆ ಬಾಟಲಿ ತಂದರು. ಉಸ್ತಾದರು ಅದನ್ನು ಇಸಿದುಕೊಂಡು ನಾಲ್ಕು ತೊಟ್ಟು ಮಣಿಕಟ್ಟಿಗೆ ಬಿಟ್ಟು, ಕಡಗ ಜಾರಿಸಿ ತೆಗೆದರು. ಕೈ ಊದಿಕೊಂಡ ಮೇಲೆ ಕಡಗ ಬರುವುದಿಲ್ಲ, ಕತ್ತರಿಸಬೇಕಾಗುತ್ತದೆ. ಅವತ್ತು ಎಣ್ಣೆ ಉಪಯೋಗಕ್ಕೆ ಬಂದದ್ದು ಅಷ್ಟಕ್ಕೇ.

ಆಮೇಲೆ ತೋಳು ಯಾವ ಕೋನದಲ್ಲಿತ್ತೋ ಅದೇ ಕೋನದಲ್ಲಿ ಇರುವಂತೆ ತೋಳಿಗೂ ಪಕ್ಕೆಗೂ ನಡುವೆ ಮಡಚಿದ ಟವೆಲ್ ಇಟ್ಟರು, ಇನ್ನೊಂದು ಪಂಚೆಯಿಂದ ಕೈಯನ್ನು ಕುತ್ತಿಗೆಗೆ ಕಟ್ಟಿದರು. ಕಾಫಿ ತಂದವನನ್ನು ಗದರಿದರು. ಆಸ್ಪತ್ರೆಯಲ್ಲಿ ಮಂಪರಿನ ಇಂಜೆಕ್ಷನ್ ಕೊಟ್ಟು ಕೂರಿಸಬೇಕಾಗಬಹುದು, ಹೊಟ್ಟೆ ಖಾಲಿ ಇರಬೇಕು. ಇಷ್ಟನ್ನೂ ಮಾಡಿದ ಮನುಷ್ಯನನ್ನು ಅಲ್ಲಿದ್ದ ಅರ್ಧ ಜನ 'ಏನೂ ಮಾಡಲಿಲ್ಲ' ಎಂದೇ ಹೇಳುತ್ತಿದ್ದಾರೆ. ಮೊಬೈಲ್ ಹಿಡಿದು ನಿಂತಿದ್ದ ಒಬ್ಬನಿಗಂತೂ ಮುಖ ಬಾಡಿಹೋಗಿತ್ತು. 'ಟಕ್' ಎಂಬ ಸದ್ದಿಗೆ ಕಾಯುತ್ತಿದ್ದನೆಂದು ಕಾಣುತ್ತದೆ.

ಕೂರಿಸುವುದು ಉಸ್ತಾದರಿಗೆ ಬರುವುದಿಲ್ಲ ಎಂದಲ್ಲ. ಕಂಕುಳಿಗೆ ಹಿಮ್ಮಡಿ ಕೊಟ್ಟು ಕೈಯನ್ನು ನಿಧಾನ ಎಳೆಯುವ ಕ್ರಮ ಹಳೆಯ ಗರಡಿಗಳಲ್ಲೆಲ್ಲ ಇತ್ತು. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ 3ನೇ ಅಧ್ಯಾಯದಲ್ಲಿ ಇದೇ ಗಾಯಕ್ಕೆ ಒನಕೆಯಿಂದ ಕಂಕುಳನ್ನು ಮೇಲೆತ್ತಿ, ಕೀಲು ಕೂತ ಮೇಲೆ ಸ್ವಸ್ತಿಕದ ಆಕಾರದಲ್ಲಿ ಕಟ್ಟು ಎಂದಿದೆ. ತೊಂದರೆ ಇರುವುದು ಬೇರೆ ಕಡೆ. ಕೀಲು ತಪ್ಪುವಾಗ ತೋಳಿನ ಮೂಳೆಯ ತಲೆಯಲ್ಲಿ ಸಣ್ಣ ಬಿರುಕೂ ಬಿಟ್ಟಿರಬಹುದು, ಹೊರಗಿಂದ ಅದು ಕೈಗೆ ಸಿಗುವುದಿಲ್ಲ. ಹಾಗೇ ಎಳೆದರೆ ಬಿರುಕು ಬಾಯಿಬಿಟ್ಟು ಎರಡು ತುಂಡಾಗಬಹುದು. ನೋವಿಗೆ ಬಿಗಿದುಕೊಂಡಿರುವ ಸ್ನಾಯುವಿನ ವಿರುದ್ಧ ಜೋರಾಗಿ ಎಳೆದರೆ ನರಕ್ಕೂ ರಕ್ತನಾಳಕ್ಕೂ ಪೆಟ್ಟು. ನೂರರಲ್ಲಿ ಬಹುಪಾಲು ಸಲ ಏನೂ ಆಗದೆ ಕೂತುಬಿಡುತ್ತದೆ, ಅಪ್ಪಾಜಿಯ ಹೆಸರು ಉಳಿದದ್ದು ಆ ಬಹುಪಾಲಿನಿಂದ. ಉಳಿದವರು ಗರಡಿ ಬಿಟ್ಟು ಹೋದರು, ಅವರ ಕಥೆ ಹೇಳುವವರು ಯಾರೂ ಇಲ್ಲ.

ಕೈ ಇಡದಿರುವುದೂ ಶಾಸ್ತ್ರದಲ್ಲಿದೆ. ಸುಶ್ರುತ ಮರ್ಮಗಳನ್ನು, ಅಂದರೆ ಪೆಟ್ಟು ತಡೆಯದ ಮೈಯ ನಾಜೂಕು ಜಾಗಗಳನ್ನು, 107 ಎಂದು ಎಣಿಸಿ, ಪೆಟ್ಟಿನ ಪರಿಣಾಮ ನೋಡಿ ಐದು ಗುಂಪು ಮಾಡುತ್ತಾನೆ. ಅದರಲ್ಲೊಂದು ಗುಂಪು ವಿಶಲ್ಯಘ್ನ. ತಲೆಯಲ್ಲಿರುವ ಬರೀ 3 ಜಾಗಗಳು: ಕಣತಲೆಗಳ ಮೇಲಿನ ಎರಡು ಉತ್ಕ್ಷೇಪ, ಹುಬ್ಬುಗಳ ನಡುವಿನ ಸ್ಥಪನಿ. ಅಲ್ಲಿ ಬಾಣ ನೆಟ್ಟಿದ್ದರೆ ಇರುವಷ್ಟು ಹೊತ್ತು ಮನುಷ್ಯ ಬದುಕಿರುತ್ತಾನೆ, ಕಿತ್ತರೆ ಸಾಯುತ್ತಾನೆ. ತಾನಾಗಿ ಕೊಳೆತು ಬಿದ್ದರೆ ಬದುಕಿಯಾನು. ಮರ್ಮವಿದ್ಯೆ ಎಂದರೆ ಬೆರಳಲ್ಲಿ ಒತ್ತಿ ಆಳು ಉರುಳಿಸುವುದು ಎಂದುಕೊಂಡವರೇ ಈಗ ಹೆಚ್ಚು, ಈ ಮೂರರ ಸುದ್ದಿ ಅವರ ಬಾಯಲ್ಲಿ ಬರುವುದೇ ಇಲ್ಲ.

ಎಣ್ಣೆಯ ವಿಷಯಕ್ಕೂ ಇದೇ ಮಾತು. ಗರಡಿಯ ಮಾಲೀಶು ಗಟ್ಟಿಮುಟ್ಟಾದ, ದಣಿದ ಮೈಗೆ. ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ, ತೊಡೆ ತೋಳುಗಳಿಗೆ ಉದ್ದುದ್ದಕ್ಕೆ, ಕೀಲುಗಳ ಸುತ್ತ ದುಂಡಗೆ ನೀವುತ್ತಾರೆ. ಹೊಸ ಪೆಟ್ಟಿಗೆ ಅದನ್ನೇ ಮಾಡಿದರೆ ಒಳಗೆ ಒಡೆದ ಸಣ್ಣ ನಾಳಗಳಿಂದ ಇನ್ನಷ್ಟು ರಕ್ತ ಸೋರಿ ಊತ ಏರುತ್ತದೆ. ತೊಡೆಗೋ ಮೊಣಕೈಗೋ ಜೋರು ಪೆಟ್ಟು ಬಿದ್ದಾಗ, ತಿಕ್ಕಿ ತಿಕ್ಕಿ ಸ್ನಾಯುವಿನೊಳಗೇ ಮೂಳೆ ಬೆಳೆದು ಕಾಲೋ ಕೈಯೋ ಮಡಿಸಲಾಗದೆ ಹೋಗುವುದುಂಟು. ಮಕ್ಕಳ ಮೊಣಕೈಗೂ ಹೀಗಾಗುವುದುಂಟು, ಅದೂ ಅಜ್ಜಿಯೋ ನೆರೆಯವರೋ ಪ್ರೀತಿಯಿಂದ ನೀವಿದ ಮೇಲೆ.

ಕೇರಳದ ಸಮರಕಲೆಯಾದ ಕಳರಿಯವರು ಇದನ್ನು ಚೆನ್ನಾಗಿ ಬೇರ್ಪಡಿಸಿಟ್ಟಿದ್ದಾರೆ. ಮಳೆಗಾಲದ ಕರ್ಕಾಟಕ ಮಾಸದಲ್ಲಿ ಶಿಷ್ಯರನ್ನು ಮಲಗಿಸಿ, ಮೇಲೆ ಕಟ್ಟಿದ ಹಗ್ಗ ಹಿಡಿದು ಗುರುಕ್ಕಳ್ ಕಾಲಿನಿಂದ ತುಳಿದು ನೀವುವ ಉಳಿಚ್ಚಿಲ್ ಇದೆಯಲ್ಲ, ಅದು ಮೈ ಸಡಿಲಾಗಲಿ, ಕಾಲು ಎತ್ತರಕ್ಕೆ ಏಳಲಿ ಎಂದು. 7 ದಿನವೋ 14 ದಿನವೋ ಮಾಡಿಸಿಕೊಂಡರೆ ಅಷ್ಟೇ ದಿನ ಪಥ್ಯ, ವಿಶ್ರಾಂತಿ. ಪೆಟ್ಟಿಗೆ ಬೇರೆಯೇ ಎಣ್ಣೆ, ಮುರಿವೆಣ್ಣ. ಹೊಂಗೆ, ವೀಳ್ಯದೆಲೆ, ನುಗ್ಗೆ, ಹಾಲುವಾಣ, ಲೋಳೆಸರ, ಈರುಳ್ಳಿ, ಶತಾವರಿ ಇವನ್ನು ಅಕ್ಕಿ ತೊಳೆದ ನೀರಿನೊಂದಿಗೆ ತೆಂಗಿನೆಣ್ಣೆಗೆ ಹಾಕಿ ಕಾಯಿಸಿದ್ದು. ಹೊಸ ಪೆಟ್ಟಿಗೆ ಅದನ್ನು ತಿಕ್ಕುವುದಿಲ್ಲ. ಹತ್ತಿಯನ್ನೋ ಬಟ್ಟೆಯನ್ನೋ ಅದ್ದಿ ಪೆಟ್ಟಿನ ಮೇಲೆ ಹಾಸಿ ಸಡಿಲವಾಗಿ ಸುತ್ತುತ್ತಾರೆ, ಒಣಗುತ್ತ ಬಂದಾಗ ಮೇಲಿಂದ ಎಣ್ಣೆ ಬಿಡುತ್ತಾರೆ. 'ಕಳರಿ ಮಸಾಜ್' ಎಂದು ಬೋರ್ಡ್ ಹಾಕಿ ಗಂಟೆಗಿಷ್ಟು ಎಂದು ವಸೂಲಿ ಮಾಡುವ ಕಡೆ ಈ ಎರಡನ್ನೂ ಕಲಸಿ ಒಂದು ಮಾಡಿರುತ್ತಾರೆ. ಅಲ್ಲಿಗೆ ಹೋಗಿ ಬೆನ್ನು ನೋಯಿಸಿಕೊಂಡು ಬಂದವರು ಕಳರಿಯನ್ನೇ ಬೈಯುತ್ತಾರೆ.

ಕಟ್ಟಿನ ಬಗ್ಗೆಯೂ ಒಂದು ಮಾತು. ಸುಶ್ರುತನ ಕಾಲದಿಂದಲೂ ಗೊತ್ತಿರುವುದೇ: ಕಟ್ಟು ಸಡಿಲಾದರೆ ಕೀಲು ನಿಲ್ಲುವುದಿಲ್ಲ, ಬಿಗಿಯಾದರೆ ಊತ, ನೋವು, ಕೀವು. ಅದಕ್ಕೇ ಚಳಿಗಾಲದಲ್ಲಿ 7 ದಿನಕ್ಕೊಮ್ಮೆ, ಹಿತವಾದ ಹವೆಯಲ್ಲಿ 5, ಬೇಸಿಗೆಯಲ್ಲಿ 3 ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕು. ಬಿದಿರು ಸೀಳಿಟ್ಟು ಬಿಗಿದು ಕಟ್ಟುವ ನಾಟಿ ಕಟ್ಟುಗಳಲ್ಲಿ ಅನಾಹುತ ಆಗುವುದು ಸೊಪ್ಪಿನಿಂದಲ್ಲ, ಬಿಗಿತದಿಂದ. ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ನೀಲಿಯಾದರೆ, ಬೆರಳನ್ನು ಬೇರೆಯವರು ನೇರ ಮಾಡಿದಾಗ ಜೀವ ಹೋಗುವಷ್ಟು ನೋವಾದರೆ, ಬೆಳಗಾಗುವ ತನಕ ಕಾಯಬಾರದು. ಆ ಗಳಿಗೆಯಲ್ಲೇ ಬಿಚ್ಚಿ ಆಸ್ಪತ್ರೆಗೆ ಓಡಬೇಕು. ಕೆಲವೇ ಗಂಟೆಗಳಲ್ಲಿ ಸ್ನಾಯು ಸತ್ತುಹೋಗುತ್ತದೆ.

ಆಟೋ ಹೊರಟ ಮೇಲೆ ಉಸ್ತಾದರು ಹುಡುಗ ಬಿದ್ದ ಜಾಗಕ್ಕೆ ಹೋಗಿ ಮಟ್ಟಿಯೊಳಗೆ, ಅಂದರೆ ಅಖಾಡದ ಮಣ್ಣಿನೊಳಗೆ, ಬೆರಳು ಇಳಿಸಿದರು. ಇನ್ನೊಂದು ಕಡೆಯೂ ಇಳಿಸಿ ನೋಡಿದರು. ಬೆರಳು ಬುಡದವರೆಗೂ ಸಲೀಸಾಗಿ ಇಳಿಯಬೇಕು. ಮಧ್ಯದಲ್ಲೇ ತಡೆದರೆ ಅಲ್ಲಿ ಮಣ್ಣು ಗಟ್ಟಿಯಾಗಿದೆ, ಭುಜದೆಲುಬು ಮುರಿಯುವುದು ಅಂಥಲ್ಲಿ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ತುಪ್ಪ, ಮಜ್ಜಿಗೆ, ಅರಿಶಿನ, ಕುಂಕುಮ, ಬೇವಿನೆಲೆ ಪುಡಿ, ಕರ್ಪೂರ, ನಿಂಬೆರಸ ಹಾಕುತ್ತಾರೆ ಎಂದು ಎಲ್ಲರೂ ಬರೆಯುತ್ತಾರೆ. ಆದರೆ ಅದೆಲ್ಲ ಹಾಕಿ ದಿನಾ ಗುದ್ದಲಿ ಹಾಕದಿದ್ದರೆ ಪ್ರಯೋಜನವಿಲ್ಲ. ಅಗೆಯುವುದೇ ಹೊಸ ಹುಡುಗರ ಮೊದಲ ಕಸರತ್ತು ಕೂಡ. ಮುಷ್ಟಿಯಲ್ಲಿ ಹಿಡಿದು ಅದುಮಿದರೆ ರಾಗಿ ಮುದ್ದೆಯ ಹಾಗೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಒಣಗಿದ್ದರೆ ಧೂಳೆದ್ದು ಕಣ್ಣಿಗೆ ಹೋಗುತ್ತದೆ, ಚರ್ಮ ತರಚುತ್ತದೆ. ಹಸಿ ಹೆಚ್ಚಾದರೆ ಪಾದ ಹೂತು ಮಂಡಿ ತಿರುಚುತ್ತದೆ, ಸಾಲದ್ದಕ್ಕೆ ಹುಳುಕಡ್ಡಿ ಒಬ್ಬರಿಂದೊಬ್ಬರಿಗೆ ಹಬ್ಬುತ್ತದೆ. ಬೇವು ಅರಿಶಿನ ಇದೆ ಎಂದು ಧೈರ್ಯ ಮಾಡಿ ತೆರೆದ ಗಾಯದವನನ್ನು ಅಖಾಡಕ್ಕೆ ಇಳಿಸುವುದು ತಪ್ಪು. ಮಣ್ಣಿನ ಗಾಯವಾದರೆ ಧನುರ್ವಾಯು ಇಂಜೆಕ್ಷನ್ ಬೇಕೇ ಎಂದು ವೈದ್ಯರನ್ನು ಕೇಳಲೇಬೇಕು.

ಕಿವಿಯದೂ ಹಾಗೇ. ಉಜ್ಜಾಟದಲ್ಲಿ ಕಿವಿಯ ಮೃದ್ವಸ್ಥಿಗೂ ಅದರ ಮೇಲಿನ ಪೊರೆಗೂ ನಡುವೆ ರಕ್ತ ನಿಂತು ಊದಿಕೊಂಡರೆ, ಮೊದಲ ಕೆಲವು ದಿನಗಳೊಳಗೆ ಆಸ್ಪತ್ರೆಯಲ್ಲಿ ತೆಗೆಸಿ ಒತ್ತುಕಟ್ಟು ಹಾಕಿಸಿಕೊಳ್ಳಬೇಕು. ಬಿಟ್ಟರೆ ಗಟ್ಟಿಯಾಗಿ ಮುದುಡಿದ ಕಿವಿ ಜೀವಮಾನಕ್ಕೆ. ನಮ್ಮ ಪೈಲ್ವಾನರಿಗೆ ಅದು ಬಿರುದು, ತೆಗೆಸಿಕೊಳ್ಳಲು ಒಪ್ಪುವುದಿಲ್ಲ. ಅವರವರ ಕಿವಿ.

ಮೈಸೂರಿನ ಜೆಟ್ಟಿಗಳು ಕಾದಾಟಕ್ಕೆಷ್ಟೋ ಉಳುಕು ತೆಗೆಯುವುದಕ್ಕೂ ಕೀಲು ನೀವುವುದಕ್ಕೂ ಅಷ್ಟೇ ಹೆಸರಾದವರು. ಅವರ ವಜ್ರಮುಷ್ಟಿ ಕಾಳಗ ಈಗಲೂ ವಿಜಯದಶಮಿಯ ದಿನ ಅರಮನೆಯ ಆವರಣದಲ್ಲಿ ನಡೆಯುತ್ತದೆ. ತಲೆ ಬೋಳಿಸಿ, ಬೆರಳಿಗೆ ಮುಳ್ಳಿನ ಆಯುಧ ಹಾಕಿಕೊಂಡು ಇಳಿಯುತ್ತಾರೆ. ಮೊದಲ ಹನಿ ರಕ್ತ ಕಂಡೊಡನೆ ಮುಗಿಯಿತು. ಎರಡು ನಿಮಿಷವೂ ಇರಲಿಲ್ಲ ಎಂದು ಗೊಣಗುತ್ತ ಬರುವವರನ್ನು ಕಂಡಾಗ, ಅವರಿಗೆ ಇನ್ನೇನು ಬೇಕಿತ್ತು ಎನಿಸುತ್ತದೆ.

ಇನ್ನು ಆ ಫೋಟೋ. ಬಿರುಕು ಇರಲಿಲ್ಲ. ಬರೀ ಕೀಲು ತಪ್ಪಿತ್ತು, ಇಂಜೆಕ್ಷನ್ ಕೊಟ್ಟು ಕೂರಿಸಿ ಕಳಿಸಿದರು. ತಂದೆ ಮಾರನೆಯ ದಿನ ಬಂದು, "ನೋಡಿ, ಮುರಿದಿರ್ಲಿಲ್ಲ. ಸುಮ್ನೆ ದುಡ್ಡು ಹೋಯ್ತು" ಅಂದರು. ಉಸ್ತಾದರು ವಾದಕ್ಕೆ ಇಳಿಯಲಿಲ್ಲ. ನನಗೆ ಮಾತ್ರ ಆ ಮಾತು ಇನ್ನೂ ಕೊರೆಯುತ್ತಿದೆ. ಮುರಿದಿರಲಿಲ್ಲ ಎನ್ನುವುದು ಆ ದುಡ್ಡು ಕೊಟ್ಟಿದ್ದರಿಂದಲೇ ತಾನೇ ಗೊತ್ತಾದದ್ದು? ಮುರಿದಿದ್ದರೆ ಉಸ್ತಾದರು ದೇವರಾಗುತ್ತಿದ್ದರು, ಮುರಿಯದೆ ಇದ್ದದ್ದಕ್ಕೆ ಕೈಲಾಗದವರಾದರು. ಎರಡೂ ಸಲ ಅವರು ಮಾಡಿದ್ದು ಒಂದೇ ಕೆಲಸ. ಮುಂದಿನ ಸಲ ಇನ್ನೊಬ್ಬ ತಂದೆ ಎದುರು ನಿಂತಾಗ "ಕೈ ಇಡಲ್ಲ" ಎನ್ನುವುದು ಅವರಿಗೆ ಇನ್ನಷ್ಟು ಕಷ್ಟವಾಗುತ್ತದೆ.

ಇಪ್ಪತ್ತರೊಳಗಿನವರಲ್ಲಿ ಒಮ್ಮೆ ತಪ್ಪಿದ ಭುಜ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮತ್ತೆ ತಪ್ಪುತ್ತದೆ, ಅವಸರ ಮಾಡಿದವರಿಗೆ ಬೇಗ. ಸುಮಾರು 3 ವಾರ ಕೈ ಜೋಳಿಗೆಯಲ್ಲಿರಬೇಕು, ಬೆರಳು ಮೊಣಕೈ ಮಾತ್ರ ಮೊದಲ ದಿನದಿಂದಲೇ ಆಡಿಸುತ್ತಿರಬೇಕು. ಆಮೇಲೆ ಬಗ್ಗಿ ನಿಂತು ಕೈಯನ್ನು ಲೋಲಕದಂತೆ ತೂಗುವುದು. ಬಸ್ಕಿ ಬೇಗ ಶುರುಮಾಡಬಹುದು, ದಂಡಕ್ಕೆ ತಿಂಗಳುಗಳು ಬೇಕು. ಗದೆ ಎಲ್ಲಕ್ಕಿಂತ ಕೊನೆಗೆ, ಯಾಕೆಂದರೆ ತಲೆಯ ಹಿಂದಕ್ಕೆ ಗದೆ ಹೋದಾಗ ತೋಳು ನಿಲ್ಲುವ ಭಂಗಿಯೇ ಭುಜ ತಪ್ಪುವ ಭಂಗಿ. ಅಖಾಡಕ್ಕೆ ಇಳಿಯಲು ನಾಲ್ಕರಿಂದ ಆರು ತಿಂಗಳು, ಇಳಿದ ಮೇಲೂ ಮೊದಲು ಬೀಳುವುದನ್ನು ಕಲಿಯಬೇಕು: ಗದ್ದ ಎದೆಗೆ, ಕೈ ಒಳಗೆ, ಹೆಗಲ ಹಿಂಭಾಗದಿಂದ ಉರುಳು. ದಸರಾ ಕುಸ್ತಿಗೆ ಜೋಡಿ ಕಟ್ಟುವಾಗ ಹೆಸರು ಕೊಡಬಹುದಾ ಎಂದು ತಂದೆ ಆಗಲೇ ಕೇಳಿದ್ದಾರಂತೆ. ಕೊಡಬಾರದು.